ಅಜ್ಜಿ ಜೊತೆ ಪಾಡ್‌ಕಾಸ್ಟ್: ಧ್ವನಿ ಹಂಡೆಯೊಳಗಿಂದ ಬಂದ ಹಾಗಿದೆ, ಏನು ಮಾಡಲಿ?

ತೋಟದಂಚು, ಶಿರಸಿ:

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರ ನಮ್ಮದು ಹಳ್ಳಿಮನೆ. ಎರಡು ತಿಂಗಳಿಂದ ಅಜ್ಜಿಯನ್ನು ಕೂರಿಸಿಕೊಂಡು ಪಾಡ್‌ಕಾಸ್ಟ್ ಮಾಡುತ್ತಾ ಇದ್ದೇನೆ. ತಂಬುಳಿ, ಅಪ್ಪೆಹುಳಿ, ಹಿಂದಿನ ಕಾಲದ ಮಳೆಗಾಲ, ಹೀಗೆ ಬಾಯಿಗೆ ಬಂದಿದ್ದೆಲ್ಲ. ಮೂರು ಕಂತು ಆಯ್ತು. ಅಜ್ಜಿ ಮಾತು ಚೆನ್ನಾಗಿದೆ, ಆದರೆ ಇಬ್ಬರೂ ಬಚ್ಚಲ ಹಂಡೆಗೆ ತಲೆ ಹಾಕಿ ಮಾತಾಡಿದ ಹಾಗಿದೆ ಅಂತ ಭಾವ ಹೇಳಿದ. ಕೇಳಿ ನೋಡಿದರೆ ಹೌದು!

ಇರುವುದು ಒಂದು ಯುಎಸ್‌ಬಿ ಕಂಡೆನ್ಸರ್ ಮೈಕ್, ಹಳೇ ಲ್ಯಾಪ್‌ಟಾಪ್, ಅದರಲ್ಲಿ ರೆಕಾರ್ಡ್ ಮಾಡಿ ತಿದ್ದಲು ಆಡಾಸಿಟಿ ಸಾಫ್ಟ್‌ವೇರ್. ಮೇಜಿನ ನಡುವೆ ಮೈಕ್, ನಾನು ಈಚೆ, ಅಜ್ಜಿ ಆಚೆ. ಗೇನ್, ಅಂದರೆ ಮೈಕ್ ಹಿಡಿದ ಸದ್ದನ್ನು ಹೆಚ್ಚಿಸುವ ಸೆಟ್ಟಿಂಗ್, ಪೂರ್ತಿ ಏರಿಸಿದ್ದೇನೆ, ಇಲ್ಲದಿದ್ದರೆ ಅಜ್ಜಿ ಧ್ವನಿ ಕೇಳಿಸುವುದೇ ಇಲ್ಲ. ಹಿಂದೆ ಗುಂಯ್ ಅಂತ ಒಂದು ಸದ್ದು, ಅದರ ಮೇಲೆ ಜೀರುಂಡೆ. ಹಿನ್ನೆಲೆ ಸದ್ದು ಕಳೆಯುವ ನಾಯ್ಸ್ ರಿಡಕ್ಷನ್ ಹಾಕಿದರೆ ಜೀರುಂಡೆ ಹೋಗುತ್ತದೆ, ಆದರೆ ಅಜ್ಜಿ ನೀರೊಳಗೆ ಕೂತು ಮಾತಾಡಿದ ಹಾಗಾಗುತ್ತದೆ. ಹೊಸ ಮೈಕ್ ತಗೊಳ್ಳಲಾ? ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದರೆ ಸಾಕು ಅಂತಲೂ ಒಬ್ಬ ಹೇಳಿದ. ನಮ್ಮ ಮನೆಯೊಳಗೆ ಮೊಟ್ಟೆ ಟ್ರೇ ತಂದರೆ ಅದೇ ಒಂದು ಕಂತಾಗುತ್ತದೆ, ಅದಕ್ಕೇ ಮೊದಲೇ ಕೇಳುತ್ತಿದ್ದೇನೆ.

ಅಘನಾಶಿನಿ ದಂಡೆ, ಕುಮಟಾ:

ಮೊಟ್ಟೆ ಟ್ರೇ ಬೇಡ ಮಾರಾಯ. ಅದು ತೆಳು ರಟ್ಟು, ಮಾತಿನ ಪ್ರತಿಧ್ವನಿಯನ್ನು ಹೀರುವ ತಾಕತ್ತು ಅದಕ್ಕಿಲ್ಲ. ದಪ್ಪಗೆ ಮೆತ್ತಗೆ ಇರುವುದು ಬೇಕು. ಕಂಬಳಿ, ಹತ್ತಿ ಹಾಸಿಗೆ, ಬಟ್ಟೆ ತುಂಬಿದ ಕಪಾಟು. ಮನೆಯಲ್ಲಿ ಹಾಸಿಗೆ ಪೇರಿಸಿಡುವ ಕೋಣೆ ಇದ್ದರೆ ಅಲ್ಲೇ ಕೂರಿ, ಅದಕ್ಕಿಂತ ಒಳ್ಳೇ ಸ್ಟುಡಿಯೋ ಸಿಗುವುದಿಲ್ಲ. ಬರೀ ಗೋಡೆ, ನುಣ್ಣನೆ ನೆಲದ ಕೋಣೆ ಹಂಡೆಯೇ ಸರಿ.

ಆದರೆ ನಿಮ್ಮ ನಿಜವಾದ ತಪ್ಪು ದೂರದ್ದು. ಬಾಯಿಗೂ ಮೈಕಿಗೂ ಒಂದು ಗೇಣು ಇರಬೇಕು, ಅಷ್ಟೇ. ದೂರ ಎರಡು ಪಟ್ಟಾದರೆ ನೇರವಾಗಿ ಬರುವ ಧ್ವನಿ 6 ಡೆಸಿಬಲ್ ಇಳಿಯುತ್ತದೆ, ಕೋಣೆಯ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಆಮೇಲೆ ನೀವು ಗೇನ್ ಏರಿಸಿದರೆ ಅಜ್ಜಿ ಜೊತೆ ಕೋಣೆ, ಜೀರುಂಡೆ, ಫ್ಯಾನು ಎಲ್ಲಾ ಏರುತ್ತದೆ. ಹತ್ತಿರ ತಂದು ಗೇನ್ ಇಳಿಸಿ. ಜೋರಾಗಿ ನಕ್ಕಾಗಲೂ ಮೀಟರ್ -6 ಡೆಸಿಬಲ್ ದಾಟಬಾರದು, ಮಾಮೂಲಿ ಮಾತು -12ರ ಸುತ್ತ ಇದ್ದರೆ ಸಾಕು.

ಒಂದು ವಿಷಯ ಕೇಳಬೇಕು. ಮೈಕಿನ ಯಾವ ಭಾಗಕ್ಕೆ ಮಾತಾಡುತ್ತೀರಿ?

ತೋಟದಂಚು, ಶಿರಸಿ:

ತುದಿಗೆ. ಅಂದರೆ ಮೈಕನ್ನು ನಮ್ಮ ಕಡೆ ಸ್ವಲ್ಪ ಬಗ್ಗಿಸಿ, ಐಸ್‌ಕ್ಯಾಂಡಿ ಹಿಡಿದ ಹಾಗೆ. ತಪ್ಪಾ?

ಅಘನಾಶಿನಿ ದಂಡೆ, ಕುಮಟಾ:

ಅಂದುಕೊಂಡೆ! ನಾನೂ ಆರು ತಿಂಗಳು ಹಾಗೇ ಮಾಡಿದ್ದೆ. ಇಂಥ ಮೈಕ್‌ಗಳಲ್ಲಿ ಹೆಚ್ಚಿನವು ಕೇಳುವುದು ತುದಿಯಿಂದಲ್ಲ, ಪಕ್ಕದಿಂದ. ಕಂಪನಿಯ ಗುರುತು ಇರುವ ಕಡೆಯೇ ಸಾಮಾನ್ಯವಾಗಿ ಎದುರು. ನೆಟ್ಟಗೆ ನಿಲ್ಲಿಸಿ ಅಲ್ಲಿಗೆ ಮಾತಾಡಿ. ಇನ್ನು ಹೃದಯದ ಚಿತ್ರದ ಸೆಟ್ಟಿಂಗ್‌ನಲ್ಲಿ, ಅಂದರೆ ಕಾರ್ಡಿಯಾಯ್ಡ್‌ನಲ್ಲಿ, ಹಿಂದೆ ಕೂತವರ ಧ್ವನಿಯನ್ನು ಮೈಕ್ ಬೇಕಂತಲೇ ಹಿಡಿಯದೆ ಬಿಡುತ್ತದೆ. ನಿಮ್ಮ ಅಜ್ಜಿ ಕೂತಿದ್ದು ಅಲ್ಲೇ, ಪಾಪ.

ಮೈಕನ್ನು ಅಜ್ಜಿಗೆ ಬಿಟ್ಟುಬಿಡಿ. ನಿಮ್ಮ ಮಾತನ್ನು ಫೋನಿನಲ್ಲಿ ಬೇರೆ ರೆಕಾರ್ಡ್ ಮಾಡಿ. ಶುರುವಿನಲ್ಲಿ ಒಂದು ಚಪ್ಪಾಳೆ, ಕೊನೆಗೊಂದು. ಆಡಾಸಿಟಿಯಲ್ಲಿ ಆ ಚಪ್ಪಾಳೆಯ ಮೊನೆಗಳನ್ನು ಕೂಡಿಸಿದರೆ ಎರಡೂ ಹೊಂದಿಕೊಳ್ಳುತ್ತವೆ. ರೆಕಾರ್ಡಿಂಗ್ ಉದ್ದವಾದರೆ ಸ್ವಲ್ಪ ಜಾರಬಹುದು, ಕೊನೆಯ ಚಪ್ಪಾಳೆ ಅದಕ್ಕೇ.

ಪ, ಭ ಬಂದಾಗ ಢಬ್ ಅಂತಾದರೆ ಮೈಕ್ ಬಾಯಿಯ ನೇರಕ್ಕೆ ಬೇಡ, ಕೆನ್ನೆಯ ಕಡೆ ಓರೆಯಾಗಿ ಇಡಿ.

ಬಂದರು ಹುಡುಗಿ, ಕಾರವಾರ:

ಗುಂಯ್ ಸದ್ದಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು, ಬ್ಯಾಟರಿಯಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿ ನೋಡಿ. ಹೋದರೆ ಅದು ಕರೆಂಟಿನದ್ದು. ನಮ್ಮ ಕರೆಂಟು 50 ಹರ್ಟ್ಜ್, ಆ ಗುಂಯ್ ಅಲ್ಲೂ ಇರುತ್ತದೆ, ಅದರ ಮರಿಗಳು 100, 150ರಲ್ಲೂ ಇರುತ್ತವೆ. 80 ಹರ್ಟ್ಜ್‌ಗೆ ಹೈಪಾಸ್ ಫಿಲ್ಟರ್, ಅಂದರೆ ಅದಕ್ಕಿಂತ ಕೆಳಗಿನ ಸದ್ದು ತಡೆಯುವ ಜರಡಿ, ಹಾಕಿದರೆ ತಾಯಿ ತಗ್ಗುತ್ತದೆ, ಮರಿಗಳು ಉಳಿಯುತ್ತವೆ. ಹಾಗಾಗಿ ಚಾರ್ಜರ್ ಕೀಳುವುದೇ ವಾಸಿ. ಕರೆಂಟು ಹೋಗಿ ಇನ್ವರ್ಟರ್ ಮೇಲಿದ್ದಾಗ ರೆಕಾರ್ಡಿಂಗ್ ಬೇಡವೇ ಬೇಡ, ಕೆಲವು ಇನ್ವರ್ಟರ್‌ಗಳ ಗುರ್ ಸದ್ದು ಇನ್ನೂ ಕೆಟ್ಟದು.

ಜೀರುಂಡೆ ತೆಗೆದರೆ ಅಜ್ಜಿ ಧ್ವನಿ ಯಾಕೆ ಕೆಡುತ್ತದೆ ಗೊತ್ತಾ? ಜೀರುಂಡೆ ಕೂಗುವುದೂ ನಮ್ಮ ಸ, ಶ ಅಕ್ಷರಗಳು ಕೇಳುವುದೂ ಮೇಲಿನ ಸಾವಿರಾರು ಹರ್ಟ್ಜ್‌ನಲ್ಲೇ. ಒಂದನ್ನು ಅಳಿಸಿದರೆ ಇನ್ನೊಂದೂ ಸವೆಯುತ್ತದೆ. ನಾಯ್ಸ್ ರಿಡಕ್ಷನ್ 12 ಡೆಸಿಬಲ್ ಇದ್ದರೆ ನೀವು 6ಕ್ಕೆ ಇಳಿಸಿ. ಮೊದಲ ಹತ್ತು ಸೆಕೆಂಡು ಯಾರೂ ಮಾತಾಡದೆ ಸುಮ್ನೆ ಕೂತು ರೆಕಾರ್ಡ್ ಮಾಡಿ, ಅದನ್ನೇ ನಾಯ್ಸ್ ಪ್ರೊಫೈಲ್‌ಗೆ, ಅಂದರೆ ತೆಗೆಯಬೇಕಾದ ಸದ್ದಿನ ಮಾದರಿಯಾಗಿ, ಕೊಡಿ. ಎಲ್ಲಾ ಮುಗಿದ ಮೇಲೆ ಲೌಡ್‌ನೆಸ್, ಅಂದರೆ ಇಡೀ ಕಂತಿನ ಒಟ್ಟು ಜೋರು, -16 LUFSಗೆ (ಅದನ್ನು ಅಳೆಯುವ ಮಾನ) ತನ್ನಿ.

ಇನ್ನೊಂದು, ಇದು ನನ್ನ ಅಳಲು. ಕಾರವಾರದ ತೇವಕ್ಕೆ ನನ್ನ ಕಂಡೆನ್ಸರ್ ಮೈಕ್ ಒಂದು ಮಳೆಗಾಲವಿಡೀ ಒಗ್ಗರಣೆ ಸಿಡಿದ ಹಾಗೆ ಚಟಪಟ ಅನ್ನುತ್ತಿತ್ತು. ಈಗ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ. ಶಿರಸಿ ಮಳೆ ಏನು ಕಮ್ಮಿಯಾ?

ತೋಟದಂಚು, ಶಿರಸಿ:

ಮಾಡಿದೆ! ಹಾಸಿಗೆ ಕೋಣೆ, ಹಿಂದೆ ಕಂಬಳಿ, ಅಜ್ಜಿ ಬಾಯಿಗೆ ಒಂದು ಗೇಣು. ಗೇನ್ ಅರ್ಧಕ್ಕಿಂತ ಕೆಳಗೆ ಬಂತು. ಚಾರ್ಜರ್ ಕಿತ್ತ ಕೂಡಲೇ ಗುಂಯ್ ನಿಂತಿತು. ಹೊಸ ಮೈಕ್ ತಗೊಳ್ಳುವ ಯೋಚನೆ ಬಿಟ್ಟೆ. "ಈ ಮೈಕಿಗೆ ಚಳಿಯಾ, ಕಂಬಳಿ ಯಾಕೆ?" ಅಂತ ಅಜ್ಜಿ ಕೇಳಿದ್ದೂ ರೆಕಾರ್ಡ್ ಆಗಿದೆ.

ಈಗ ಮಧ್ಯೆ ಮಧ್ಯೆ ಢಣ್ ಅಂತ ಒಂದು ಸದ್ದು ಬರುತ್ತಿದೆ. ಹುಡುಕಿದರೆ, ಅಜ್ಜಿ ಅಡಿಕೆ ಕತ್ತರಿಸಿ ಅಡಕತ್ತರಿಯನ್ನು ಮೇಜಿನ ಮೇಲೆ ಇಡುವುದು.

ಬಂದರು ಹುಡುಗಿ, ಕಾರವಾರ:

ಅದು ಮೇಜಿನ ಮೂಲಕ ಸ್ಟ್ಯಾಂಡ್ ಹತ್ತಿ ಬರುತ್ತದೆ. ಸ್ಟ್ಯಾಂಡ್ ಅಡಿಗೆ ಟವೆಲ್ ನಾಲ್ಕು ಮಡಿಕೆ ಮಾಡಿ ಇಡಿ, ಅಡಕತ್ತರಿಗೂ ಒಂದು ಬಟ್ಟೆ ಹಾಸಿ. ಕವಳ (ಎಲೆಯಡಿಕೆ) ಬಿಡಿ ಅಂತ ಮಾತ್ರ ಹೇಳಲು ಹೋಗಬೇಡಿ, ನಾಲ್ಕನೇ ಕಂತೇ ಬರಲಿಕ್ಕಿಲ್ಲ.