ಆಡಿಯೋಸ್ಲೇವ್ ಮೊದಲ ಆಲ್ಬಂ: ಅಷ್ಟೊಂದು ಬೈಯುವ ಹಾಗಿತ್ತಾ?

ಬೇಸ್‌ತಂತಿ:
ನಾನು ಬೇಸ್ ಗಿಟಾರ್ ಕಲಿಯುತ್ತಿದ್ದೇನೆ. ಕೈ ಪಳಗಿದ್ದು ರೇಜ್ ಅಗೇನ್ಸ್ಟ್ ದ ಮಷೀನ್ (ರೇಜ್) ಅನ್ನುವ ರಾಪ್-ರಾಕ್ ಬ್ಯಾಂಡಿನ ಹಾಡುಗಳಲ್ಲಿ. ಅಲ್ಲಿಂದ ಆಡಿಯೋಸ್ಲೇವ್ ಅನ್ನುವ ರಾಕ್ ಬ್ಯಾಂಡಿಗೆ ಬಂದೆ. 2002ರ ನವೆಂಬರ್‌ನಲ್ಲಿ ಬಂದ ಆ ಮೊದಲ ಆಲ್ಬಮ್ಮನ್ನು ಮೂರು ವಾರದಿಂದ ದಿನಾ ಕೇಳುತ್ತಿದ್ದೇನೆ. ನಿನ್ನೆ ರಾತ್ರಿ ಹಳೇ ವಿಮರ್ಶೆಗಳನ್ನು ಹುಡುಕಿ ಓದಿದೆ. ಪಿಚ್‌ಫೋರ್ಕ್ ಅನ್ನುವ ಸಂಗೀತ ವಿಮರ್ಶೆಯ ವೆಬ್‌ಸೈಟ್ ಹತ್ತಕ್ಕೆ ಕೊಟ್ಟದ್ದು 1.7! ನಿಜವಾಗಿ ಬೇಜಾರಾಯಿತು. ನನ್ನ ಕಿವಿಗೆ ಕೇಳಿಸಿದ್ದು ಅವರಿಗೆ ಯಾಕೆ ಕೇಳಿಸಲಿಲ್ಲ? ಆಗಲೇ ಕೇಳಿದವರು ಯಾರಾದರೂ ಇದ್ದರೆ ಹೇಳಿ.

ಹಳೇಕಿವಿ:
ನಾನು ಸೌಂಡ್‌ಗಾರ್ಡನ್ ಕಡೆಯವನು. 1997ರಲ್ಲಿ ಆ ಬ್ಯಾಂಡ್ ಮುರಿದಾಗ ಅದರ ಗಾಯಕ ಕ್ರಿಸ್ ಕಾರ್ನೆಲ್ ದನಿಯನ್ನು ಜೋರು ಗಿಟಾರ್ ಜೊತೆ ಮತ್ತೆ ಕೇಳುತ್ತೇನೆ ಅಂದುಕೊಂಡಿರಲಿಲ್ಲ. 2000ದಲ್ಲಿ ಗಾಯಕ ಜ್ಯಾಕ್ ಡೆ ಲಾ ರೋಚಾ ರೇಜ್ ಬಿಟ್ಟರು. ಉಳಿದ ಮೂವರು ಕಾರ್ನೆಲ್ ಜೊತೆ ಕೂತು 19 ದಿನದಲ್ಲಿ 21 ಹಾಡು ಕಟ್ಟಿದರು, ಅದೇ ಆಡಿಯೋಸ್ಲೇವ್. ಆಮೇಲೆ ರಗಳೆ. ಕಾರ್ನೆಲ್ ನಡುವೆ ಬಿಟ್ಟು ಹೋಗಿ ಮತ್ತೆ ಬಂದರು. ಹಾಡುಗಳ ಕಚ್ಚಾ ರೆಕಾರ್ಡಿಂಗ್ ಇಂಟರ್ನೆಟ್‌ಗೆ ಸೋರಿತು.

ವಿಮರ್ಶಕರ ದೂರು ಮುಖ್ಯವಾಗಿ ಇಷ್ಟು: ಎರಡು ಬ್ಯಾಂಡ್ ತಂದು ಅಂಟಿಸಿದ ಹಾಗಿದೆ, ಸಾಹಿತ್ಯದಲ್ಲಿ ಹುರುಳಿಲ್ಲ, ರೇಜ್‌ನ ರಾಜಕೀಯ ಕಾಣೆ. ಕಾರ್ನೆಲ್ ದನಿಯನ್ನು ಮಾತ್ರ ಬೈದವರೂ ಹೊಗಳಿದರು. ಸಾಹಿತ್ಯದ ಮಾತು ನಾನೂ ಒಪ್ಪುತ್ತೇನೆ, ಕೆಲವು ಸಾಲು ಸುಮ್ನೆ ತುಂಬಿಸಿದ ಹಾಗಿವೆ. ಆದರೆ ರಾಜಕೀಯ ಇಲ್ಲದಿರುವುದು ತಪ್ಪು ಹೇಗಾಗುತ್ತದೆ? ಬರೆದವರೇ ಬೇರೆ ಅಲ್ವಾ. ಕಾರ್ನೆಲ್ ಬರೆದದ್ದು ಸಾವು, ಒಂಟಿತನ, ಕಾಯುವುದು. ಅವರು ಮೊದಲಿಂದಲೂ ಅದನ್ನೇ ಬರೆಯುತ್ತಿದ್ದರು.

ನನಗೆ ದೊಡ್ಡದಾಗಿ ಕಂಡದ್ದು ಬೇರೆ. ಈ ಮೂವರು ಅಲ್ಲಿವರೆಗೆ ರಾಪ್‌ಗೆ ನುಡಿಸಿದವರು. ಅಲ್ಲಿ ಮಾತೇ ತಾಳ. ಇಲ್ಲಿ ಗಾಯಕ ಸ್ವರವನ್ನು ಎಳೆದು ನಿಲ್ಲಿಸುತ್ತಾನೆ, ಅವನಿಗೆ ಜಾಗ ಬಿಡಬೇಕು. 'ಲೈಕ್ ಎ ಸ್ಟೋನ್' ಕೇಳಿ. ಚರಣದಲ್ಲಿ ಟಾಮ್ ಮೊರೆಲೊ ಗಿಟಾರ್ ಎಷ್ಟು ಮೆತ್ತಗಿದೆ! ಸೋಲೊ ಬರುವವರೆಗೂ ತಡೆದು, ಆಮೇಲೆ ವ್ಯಾಮಿ ಪೆಡಲ್ (ಸ್ವರದ ಎತ್ತರ ಬದಲಿಸುವ ಕಾಲ್ಪೆಡಲ್) ಒತ್ತಿ ಸ್ವರವನ್ನು ಒಮ್ಮೆಗೇ ಮೇಲಕ್ಕೆ ಹಾರಿಸುತ್ತಾರೆ. ನೀವು ಬೇಸ್ ನುಡಿಸುವವರು, ಆ ಹಾಡಲ್ಲಿ ಟಿಮ್ ಕಾಮರ್ಫರ್ಡ್ ಎಲ್ಲಿ ಸುಮ್ಮನಾಗುತ್ತಾರೆ ಅಂತ ಗುರುತು ಹಾಕಿಕೊಳ್ಳಿ.

ಅರ್ಧಶ್ರುತಿ:
ನಾನು ಅಷ್ಟು ಉದಾರಿಯಲ್ಲ. 14 ಹಾಡು, ಒಂದು ಗಂಟೆಗೂ ಜಾಸ್ತಿ. 'ಕೊಚೀಸ್' ಶುರುವಿನಲ್ಲಿ ಹೆಲಿಕಾಪ್ಟರ್ ಹಾಗೆ ಕೇಳುವ ಆ ಗಿಟಾರ್‌ಗೆ ಮೈ ಜುಮ್ ಅನ್ನುತ್ತದೆ. 'ಐ ಆಮ್ ದ ಹೈವೇ' ಮುಗಿದ ಮೇಲೆ ಮಾತ್ರ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು) ಒಂದರ ಹಾಗೆ ಇನ್ನೊಂದು. ರಿಕ್ ರೂಬಿನ್‌ರಂಥ ನಿರ್ಮಾಪಕ ನಾಲ್ಕು ಹಾಡು ಕಿತ್ತುಹಾಕಬೇಕಿತ್ತು. ಆದರೂ 1.7 ಅನ್ಯಾಯ. ಅಮೆರಿಕದಲ್ಲಿ ಟ್ರಿಪಲ್ ಪ್ಲಾಟಿನಂ (ಮೂವತ್ತು ಲಕ್ಷ ಪ್ರತಿ) ಆಗಿದ್ದಕ್ಕೆ ಹೇಳುತ್ತಿಲ್ಲ. ಮೊದಲ ಆರು ಹಾಡಿಗೇ ಹೇಳುತ್ತಿದ್ದೇನೆ.

ಬೇಸ್‌ತಂತಿ:
@ಹಳೇಕಿವಿ, ಥ್ಯಾಂಕ್ಸ್. ಈಗ ತಾನೇ ಹೆಡ್‌ಫೋನ್ ಹಾಕಿ 'ಲೈಕ್ ಎ ಸ್ಟೋನ್' ನಾಲ್ಕು ಸಲ ಕೇಳಿದೆ. ಇಷ್ಟು ದಿನ ಖಾಲಿ ಜಾಗ ಕಂಡಲ್ಲೆಲ್ಲ ನಾನು ಒಂದೊಂದು ಸ್ವರ ತುರುಕುತ್ತಿದ್ದೆ. ರೇಜ್ ನುಡಿಸಿ ಬಂದ ಅಭ್ಯಾಸ. ಅದನ್ನೆಲ್ಲ ತೆಗೆದು ನುಡಿಸಿ ನೋಡಿದೆ. ಮೊದಲ ಸಲ ಹಾಡು ಹಾಡಿನ ಹಾಗೆ ಕೇಳಿಸಿತು. @ಅರ್ಧಶ್ರುತಿ, ಕಿತ್ತುಹಾಕುವ ಆ ನಾಲ್ಕು ಯಾವುವು? ಅವಿಲ್ಲದೆ ಪಟ್ಟಿ ಮಾಡಿ ಒಮ್ಮೆ ಪೂರ್ತಿ ಕೇಳುತ್ತೇನೆ.