ಬ್ರಷ್ ಹಂಚುವ ವಿಚಾರಕ್ಕೆ ಅತ್ತಿಗೆಗೊಂದು ಮಾತು

ಅತ್ತಿಗೆ, ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಕಳಿಸಿದ ಧ್ವನಿ ಸಂದೇಶವನ್ನು ಎರಡು ಸಲ ಕೇಳಿದೆ. ಕಾರವಾರದ ಬಳಿಯ ಬಿಣಗಾದ ಕಡೆ ಹೆದ್ದಾರಿ ಪಕ್ಕದ ಶೆಡ್ಡುಗಳಲ್ಲಿರುವ, ವಲಸೆ ಬಂದ ಕೆಲಸಗಾರರ ಮಕ್ಕಳಿಗೆ ದೊಡ್ಡಪ್ಪನ ವರ್ಷಾಂತಿಕದ ದಿನ ಬ್ರಷ್ಷು, ಪೇಸ್ಟು ಹಂಚೋಣ ಎಂದಿರಿ. ನನ್ನ ಪಾಲಿನ ಹಣವನ್ನು ಸಂತೋಷದಿಂದ ಕೊಡುತ್ತೇನೆ. ಆದರೆ ‘ಆ ಮಕ್ಕಳು ಹುಟ್ಟಿದಾಗಿನಿಂದ ಹಲ್ಲು ಉಜ್ಜಿದಂತಿಲ್ಲ’ ಎಂದಿರಲ್ಲ, ಅದಕ್ಕೆ ಉತ್ತರ ಹೇಳದೆ ಇರಲಾರೆ.

ಏಕೆಂದರೆ ಆ ಮಾತನ್ನು ನಾನೂ ಒಮ್ಮೆ ಆಡಿದ್ದೇನೆ. ಅಂಕೋಲೆಯ ಹತ್ತಿರದ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ, ಕೊಪ್ಪಳದ ಕಡೆಯಿಂದ ಬಂದು ಐದನೆಯ ತರಗತಿಗೆ ಸೇರಿದ ಹುಡುಗಿಯೊಬ್ಬಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ನಾಳೆಯಿಂದ ಹಲ್ಲುಜ್ಜಿ ಬಾ ಎಂದು ಎಲ್ಲರೆದುರು ಹೇಳಿಬಿಟ್ಟೆ. ಮರುದಿನ ಅವಳು ಇಟ್ಟಿಗೆಪುಡಿಯಿಂದ ತಿಕ್ಕಿಕೊಂಡು ಬಂದಿದ್ದಳು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು, ಗೆರೆಗಳು ಹಾಗೆಯೇ ಇದ್ದವು. ಅದು ಕೊಳೆಯಲ್ಲ, ಫ್ಲೋರೋಸಿಸ್ ಎಂದು ತಪಾಸಣೆಗೆ ಬಂದ ವೈದ್ಯರು ಆಮೇಲೆ ತಿಳಿಸಿದರು. ಕೊಪ್ಪಳ, ಗದಗ, ಬಾಗಲಕೋಟೆಯ ಅನೇಕ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರ ತನಕ ಎಂಬುದು ನಮ್ಮ ದೇಶದ ಮಾನಕ. ಎಂಟು ವರ್ಷದೊಳಗೆ, ಶಾಶ್ವತ ಹಲ್ಲು ಇನ್ನೂ ಒಸಡಿನೊಳಗೆ ರೂಪುಗೊಳ್ಳುತ್ತಿರುವಾಗ ಅದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ, ಹಲ್ಲು ಹುಟ್ಟುವಾಗಲೇ ಕಲೆಯೊಂದಿಗೆ ಹುಟ್ಟುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಆ ಹುಡುಗಿ ಶಾಲೆ ಬಿಟ್ಟು ಹೋಗುವವರೆಗೂ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಅದು ನನ್ನಿಂದ ಆದದ್ದು.

ಶೆಡ್ಡುಗಳ ಈ ಮಕ್ಕಳಲ್ಲಿ ನಿಜವಾದ ಹುಳುಕು ಇರುವುದು ಹಿಂದಿನ ದವಡೆ ಹಲ್ಲುಗಳಲ್ಲಿ. ಅಪ್ಪ ಅಮ್ಮ ಬೆಳಗಾಗುವುದರೊಳಗೆ ಕೆಲಸಕ್ಕೆ ಹೊರಡುತ್ತಾರೆ. ಚಿಕ್ಕದನ್ನು ನೋಡಿಕೊಳ್ಳುವುದು ಅಕ್ಕನ ಪಾಲಿಗೆ, ಅತ್ತರೆ ಸುಮ್ಮನಾಗಿಸುವುದು ಅಂಗಡಿಯ ಐದು ರೂಪಾಯಿಯ ಬಿಸ್ಕತ್ತಿನ ಪಾಲಿಗೆ. ಸಿಹಿಯನ್ನು ಎಷ್ಟು ತಿಂದರು ಎನ್ನುವುದರ ಜೊತೆಗೆ ದಿನಕ್ಕೆ ಎಷ್ಟು ಸಲ ತಿಂದರು ಎನ್ನುವುದೂ ಹಲ್ಲಿಗೆ ಮುಖ್ಯ. ಆ ತಾಯಂದಿರನ್ನು ದೂರುವ ಮನಸ್ಸು ನನಗಿಲ್ಲ. ಹಲ್ಲುನೋವೆಂದು ಮಗುವನ್ನು ಕಾರವಾರದ ಆಸ್ಪತ್ರೆಗೆ ಕರೆತಂದರೆ ಆ ದಿನದ ಕೂಲಿ ಹೋಗುತ್ತದೆ. ಕೆನ್ನೆ ಊದುವ ತನಕ ಕಾಯುವುದು ಅದಕ್ಕೇ.

ಇನ್ನೊಂದು ವಿಷಯ ನಮ್ಮ ಮನೆಗಳಲ್ಲೂ ಬಹಳ ಜನರಿಗೆ ಗೊತ್ತಿಲ್ಲ. ಸುಮಾರು ಆರನೆಯ ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದುಕೊಂಡು, ಹುಳುಕಾದರೂ ಬಿದ್ದುಹೋಗುತ್ತದೆ ಬಿಡು ಎನ್ನುತ್ತೇವೆ. ಅದು ಹೋದರೆ ಬೇರೆ ಬರುವುದಿಲ್ಲ.

ಮುಂಡಗೋಡಿನ ಟಿಬೆಟನ್ ನಿರಾಶ್ರಿತರಿಗೆ 1966ರಲ್ಲಿ ನೆಲೆ ಸಿಕ್ಕಿತು. ಅಲ್ಲಿ ಅವರದೇ ಶಾಲೆ, ಆಸ್ಪತ್ರೆಗಳಿವೆ. ಈ ವರ್ಷ ನೋಡಿದ ಮಗುವನ್ನು ಮುಂದಿನ ವರ್ಷವೂ ಅಲ್ಲಿ ಕರೆದು ನೋಡಬಹುದು. ನಮ್ಮದೇ ರಾಜ್ಯದ ಈ ಮಕ್ಕಳಿಗೆ ಆ ಅನುಕೂಲವಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರಕಾರಿ ಶಾಲೆಗೆ ಒಂದು ಸಲ ಬಂದು ಹಲ್ಲನ್ನೂ ನೋಡುತ್ತದೆ. ಹೆಸರು ದಾಖಲಾಗದ ಮಗು, ಅಥವಾ ಆ ವಾರ ಬೇರೆ ಕೆಲಸದ ಜಾಗಕ್ಕೆ ಹೋದ ಮಗು, ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಆದ್ದರಿಂದ ಒಂದೇ ಭೇಟಿಯಲ್ಲಿ ಮುಗಿಯುವಂಥದ್ದನ್ನು ನಾವು ಮಾಡಿಸಬೇಕು ಎನ್ನುವುದು ನನ್ನ ಕೋರಿಕೆ. ಹುಳುಕಿನ ಮೇಲೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಎಂಬ ದ್ರವವನ್ನು ಕೊರೆಯದೆ, ಚುಚ್ಚದೆ ಹಚ್ಚಿದರೆ ಹೆಚ್ಚಿನ ಮಕ್ಕಳಲ್ಲಿ ಹುಳುಕು ಮುಂದುವರಿಯದೆ ನಿಲ್ಲುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಈ ದ್ರವವನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿದೆ. ಹಚ್ಚಿದ ಜಾಗ ಕಪ್ಪಾಗುತ್ತದೆ ಎಂಬುದನ್ನು ಮಾತ್ರ ತಾಯಿಗೂ ಮಗುವಿಗೂ ಮೊದಲೇ ಹೇಳಬೇಕು, ಇನ್ನೊಂದು ಮಗು ಬಾಯಿ ಮುಚ್ಚಿಕೊಳ್ಳುವುದು ಬೇಡ. ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ನೀವೊಮ್ಮೆ ವಿಚಾರಿಸಿ, ಅತ್ತಿಗೆ. ಹೆಚ್ಚು ಹೊಟ್ಟೆಗೆ ಹೋದರೆ ಕಲೆ ಮಾಡುವ ಫ್ಲೋರೈಡೇ ಹಲ್ಲಿನ ಮೇಲೆ ಹಚ್ಚಿದರೆ ಹುಳುಕು ತಡೆಯುತ್ತದೆ, ಆದ್ದರಿಂದ ಪೇಸ್ಟಿನಲ್ಲಿ ಕನಿಷ್ಠ 1000 ಪಿಪಿಎಂ (ಹತ್ತು ಲಕ್ಷ ಪಾಲಿಗೆ ಸಾವಿರ ಪಾಲು) ಫ್ಲೋರೈಡ್ ಇರಲಿ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರ ತನಕ ಬಟಾಣಿಯಷ್ಟು ಸಾಕು, ನುಂಗಬಾರದು.

ದಿನದ ಬಗ್ಗೆಯೂ ಯೋಚಿಸಿ. ವರ್ಷಾಂತಿಕ ಬರುವುದು ವೈಶಾಖದಲ್ಲಿ, ಮಳೆಗಾಲ ಹತ್ತಿರವಾಗಿ ಅವರು ಊರಿಗೆ ಗಂಟು ಕಟ್ಟುವ ಹೊತ್ತು. ದೀಪಾವಳಿ ಕಳೆದು ಅವರು ಬಂದಿಳಿದ ಮೊದಲ ತಿಂಗಳಲ್ಲೇ ಇಟ್ಟುಕೊಂಡರೆ ದೊಡ್ಡಪ್ಪ ಬೇಡವೆನ್ನುತ್ತಿರಲಿಲ್ಲ. ಯಾವ ಹಲ್ಲಿಗೆ ಏನು ಮಾಡಿದೆ ಎಂದು ಪ್ರತಿ ಮಗುವಿಗೂ ಕನ್ನಡದಲ್ಲಿ ಒಂದು ಚೀಟಿ ಬರೆದು ತಾಯಿಯ ಕೈಗೆ ಕೊಡೋಣ, ಮುಂದಿನ ಊರಿನ ವೈದ್ಯರಿಗೆ ತೋರಿಸಲು. ಆ ಚೀಟಿಗಳನ್ನು ಬರೆಯಲು ನಾನು ಅಂಕೋಲೆಯಿಂದ ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆ.