ತೇಲುವ ಮನೆ ಒಂದೇ ಪಕ್ಕಕ್ಕೆ ವಾಲದಂತೆ ಲೆಕ್ಕ ಹಾಕುವುದು ಹೇಗೆ?

ನಕ್ಷೆಗಾರ: ಆಮ್‌ಸ್ಟರ್‌ಡ್ಯಾಮಿನ ಐಬರ್ಗ್ ಬಡಾವಣೆಯ ಮಾದರಿಯ ತೇಲುವ ಮನೆಗೆ ನಕ್ಷೆ ಮಾಡಬೇಕು. ಕಾಂಕ್ರೀಟ್ ತೊಟ್ಟಿ 10×7 ಮೀ., ಒಟ್ಟು ಎತ್ತರ 2.2 ಮೀ. ಅದರ ಮೇಲೆ ಎರಡು ಅಂತಸ್ತು. ಎಷ್ಟು ಮುಳುಗುತ್ತದೆ? ನೆಂಟರೆಲ್ಲ ಒಂದೇ ಕಡೆ ಸೇರಿದರೆ ಗತಿ? ಕಕ್ಕಸಿನ ಪೈಪು ದಡಕ್ಕೆ ಹೇಗೆ ಹೋಗುತ್ತದೆ?

ಭಾರಲೆಕ್ಕ: ತಳ 70 ಚ.ಮೀ. ಅಂದರೆ 700 ಕೆ.ಜಿ. ಹೇರಿದಾಗಲೆಲ್ಲ 1 ಸೆಂ.ಮೀ. ಇಳಿಯುತ್ತದೆ. ತಳ 25 ಸೆಂ.ಮೀ., ಗೋಡೆ 20 ಸೆಂ.ಮೀ. ದಪ್ಪವಿದ್ದರೆ ತೊಟ್ಟಿಯೇ ಸುಮಾರು 76 ಟನ್. ಬರಿ ತೊಟ್ಟಿಯೇ 1.1 ಮೀ. ಮುಳುಗಿತು. ಮೇಲಿನದ್ದು ಸಾಮಾನು ಸಮೇತ 29 ಟನ್ನಿಗೆ ನಿಂತರೆ ಮುಳುಗು 1.5 ಮೀ., ನೀರಿನ ಮೇಲೆ ಉಳಿಯುವುದು 70 ಸೆಂ.ಮೀ. ಅದಕ್ಕೇ ಮೇಲೆ ಮರದ ಚೌಕಟ್ಟು. ಇಟ್ಟಿಗೆ ಕಟ್ಟಿದರೆ ಮುಳುಗೂ ಹೆಚ್ಚು, ಭಾರದ ಕೇಂದ್ರವೂ ಮೇಲೇರಿ ವಾಲಾಟವೂ ಹೆಚ್ಚು.

ಹತ್ತು ಜನ ನಡುವಿನಿಂದ 3 ಮೀ. ಆಚೆ ನಿಂತರೆ ಆ ಅಂಚು 4-5 ಸೆಂ.ಮೀ. ತಗ್ಗುತ್ತದೆ, ಅಷ್ಟೇ. ನೆಂಟರು ಎದ್ದು ಹೋಗುತ್ತಾರೆ ಸರ್, ಪುಸ್ತಕದ ಕಪಾಟು ಹೋಗುವುದಿಲ್ಲ! ಅಡುಗೆಮನೆ, ಬಚ್ಚಲು, ಕಪಾಟು ಮೂರನ್ನೂ ಒಂದೇ ಗೋಡೆಗೆ ಜೋಡಿಸುವುದೇ ನಿಜವಾದ ತಪ್ಪು. ಸಾಮಾನು ಇಟ್ಟ ಮೇಲೆ ನಾಲ್ಕು ಮೂಲೆಯ ಎತ್ತರ ಅಳೆದು, ಮೇಲೆದ್ದ ಕಡೆ ತೊಟ್ಟಿಯ ತಳಕ್ಕೆ ಕಾಂಕ್ರೀಟ್ ಹಲಗೆ ಇಟ್ಟು ಸರಿದೂಗಿಸಿ. ಆ ಹಲಗೆಗಳ ತೂಕ ಮೊದಲೇ ಲೆಕ್ಕದಲ್ಲಿರಲಿ.

ಕಂಬ_ಕೊಳವೆ: ಮನೆ ತೇಲಿ ಹೋಗದಂತೆ ಓರೆಯಾಗಿ ಎದುರುಬದುರಾದ ಮೂಲೆಗಳಲ್ಲಿ ಎರಡು ಉಕ್ಕಿನ ಕಂಬ ಸಾಕು, ತೊಟ್ಟಿಗೆ ಬಳೆ ಹಾಕಿ ಅದರೊಳಗೆ ಕಂಬ ಬರಲಿ. ಬಳೆ ಬಿಗಿಯಾದರೆ ನೀರು ಏರಿದಾಗ ಒಂದು ಮೂಲೆ ಸಿಕ್ಕಿಕೊಳ್ಳುತ್ತದೆ. ಸಡಿಲವಾದರೆ ಗಾಳಿಗೆ ರಾತ್ರಿಯಿಡೀ ಬಡಿಯುವ ಸದ್ದು.

ಕಕ್ಕಸು ತೊಟ್ಟಿಯೊಳಗಿದ್ದರೆ ಅದು ನೀರಿನ ಮಟ್ಟಕ್ಕಿಂತ ಕೆಳಗೆ, ಜೆಟ್ಟಿಯ (ದಡದಿಂದ ಮನೆಗೆ ಬರುವ ಕಾಲುದಾರಿ) ಪೈಪು ಮೇಲೆ. ಇಳಿಜಾರು ಸಿಗದು. ಅರೆದು ತಳ್ಳುವ ಪಂಪು, ಅದರ ಮುಂದೆ ಹಿಂದಿರುಗದ ವಾಲ್ವ್ ಬೇಕು. ಜೆಟ್ಟಿಗೆ ಬಾಗುವ ಕೊಳವೆ ಹಾಕಿ, ಅತಿ ತಗ್ಗು, ಅತಿ ಏರು ಎರಡೂ ಮಟ್ಟಕ್ಕೆ ಸಾಲುವಷ್ಟು ಉದ್ದ ಬಿಡಿ. ಚಳಿಗಾಲದಲ್ಲಿ ಮೊದಲು ಹೆಪ್ಪುಗಟ್ಟುವುದು ಈ ತುಂಡೇ, ಹೊದಿಕೆಯ ಒಳಗೆ ಬಿಸಿತಂತಿ ಸುತ್ತಿ. ಅದೇ ಊರಿನ ಸ್ಖೋನ್‌ಸ್ಖಿಪ್ ಎಂಬ ತೇಲುವ ಬಡಾವಣೆಯಲ್ಲಿ 46 ಮನೆತನಗಳು ನಿರ್ವಾತ ಕಕ್ಕಸು ಬಳಸುತ್ತವೆ. ಅಲ್ಲಿ ಗಾಳಿಯೇ ಎಳೆದೊಯ್ಯುತ್ತದೆ.

ನಕ್ಷೆಗಾರ: ತೊಟ್ಟಿಯಲ್ಲಿ ಮಲಗುವ ಕೋಣೆ ಇಡಬಹುದೇ?

ಭಾರಲೆಕ್ಕ: ಇಡಬಹುದು. ಗೋಡೆಯ ಒಳಮೈಗೆ ಶಾಖ ತಡೆಯುವ ಪದರ ಹಾಕದೆ ಬಿಟ್ಟರೆ ತಣ್ಣನೆ ಕಾಂಕ್ರೀಟಿಗೆ ಉಸಿರಿನ ತೇವ ಕೂತು ಬೂಷ್ಟು ಹಿಡಿಯುತ್ತದೆ, ಗಾಳಿ ಆಡಿಸುವ ಫ್ಯಾನೂ ಬೇಕು. ಕಿಟಕಿಯ ಕೆಳಅಂಚನ್ನು ವಾಲಿದಾಗಿನ ನೀರಿನ ಗೆರೆಯಿಂದ ಅಳೆಯಿರಿ, ನಿಂತ ನೀರಿನ ಗೆರೆಯಿಂದಲ್ಲ.